ಕಡಲಾಮೆಗೆ ಎಷ್ಟು ಕಾಣುತ್ತದೆ: ಅಳೆಯುವ ಬಗೆಗಳು

(ಕಾಸರಗೋಡಿನ ವಾಚನಾಲಯವೊಂದರಲ್ಲಿ ನೀಡಿದ ಉಪನ್ಯಾಸವನ್ನು ತುಸು ವಿಸ್ತರಿಸಿ ಬರೆದದ್ದು)

ಹಿರಿಯರೇ, ಗೆಳೆಯರೇ,

ಆಲಿವ್ ರಿಡ್ಲಿ ಎಂಬ ಕಡಲಾಮೆ ನಮ್ಮ ಜಿಲ್ಲೆಯ ಮರಳದಂಡೆಗೆ ಮೊಟ್ಟೆಯಿಡಲು ಬರುತ್ತದೆ ಎಂಬುದು ಇಲ್ಲಿ ಕುಳಿತಿರುವ ಬಹುಮಂದಿಗೆ ಗೊತ್ತು. ನೀಲೇಶ್ವರದ ತೈಕಡಪ್ಪುರದಲ್ಲಿ ನೆಯ್ತಲ್ ಸಂಘಟನೆಯವರು ಆ ಮೊಟ್ಟೆಗಳನ್ನು ಕಾಯ್ದು, ಮರಿಗಳನ್ನು ಕಡಲಿಗೆ ಬಿಡುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಒಳನಾಡಿಗೆ ಬಂದರೆ ಚಂದ್ರಗಿರಿ ಹೊಳೆಯಲ್ಲಿ ಕ್ಯಾಂಟರನ ದೈತ್ಯ ಮೃದುಚಿಪ್ಪಿನ ಆಮೆ ಇದೆ. ಅದು ಈ ಹೊಳೆಯ ದಂಡೆಯಲ್ಲಿ ಮೊಟ್ಟೆಯಿಡುತ್ತದೆ ಎಂಬುದನ್ನು ದಾಖಲಿಸಿದ ವರದಿ 2024ರಲ್ಲಿ ಪ್ರಕಟವಾದ ಮೇಲೆ ನಮ್ಮ ಊರಿನ ಹೆಸರು ಆಮೆಗಳನ್ನು ಅಧ್ಯಯನ ಮಾಡುವವರಲ್ಲಿ ದೂರದೂರಕ್ಕೆ ಹೋಯಿತು. ಕಣ್ಣು ಪರೀಕ್ಷಿಸುವ ವೃತ್ತಿಯಲ್ಲಿದ್ದ ನನ್ನನ್ನು ಈ ಪ್ರಾಣಿಗಳ ವಿಚಾರದಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವೆ. ದಂಡೆಯ ದೀಪಗಳು ಮರಿಗಳನ್ನು ಏಕೆ ದಾರಿ ತಪ್ಪಿಸುತ್ತವೆ? ಅಷ್ಟು ದೊಡ್ಡ ಬಲೆ ಆಮೆಯ ಕಣ್ಣಿಗೆ ಬೀಳುವುದಿಲ್ಲವೇ? ಅದಕ್ಕೆ ಬಣ್ಣ ತಿಳಿಯುತ್ತದೆಯೇ? ಇವುಗಳಿಗೆ ಉತ್ತರಿಸುವ ಮೊದಲು ಇನ್ನೊಂದು ಪ್ರಶ್ನೆಯನ್ನು ಬಿಡಿಸಬೇಕಾಗುತ್ತದೆ: ಬಾಯಿಬಿಟ್ಟು ಹೇಳಲಾರದ ಪ್ರಾಣಿಗೆ ಎಷ್ಟು ಕಾಣುತ್ತದೆ ಎಂಬುದನ್ನು ಅಳೆಯುವುದು ಹೇಗೆ? ಇದಕ್ಕೆ ಒಂದೇ ಅಂಕಿಯ ಉತ್ತರ ಇಲ್ಲವೆಂದೂ, ಕೇಳಿದ ರೀತಿಗೆ ತಕ್ಕಂತೆ ಉತ್ತರ ಬದಲಾಗುತ್ತದೆಂದೂ, ನಮ್ಮ ದಂಡೆಯ ಕೆಲಸಕ್ಕೆ ಬೇಕಾದ ಅಳತೆ ಕನ್ನಡಕದಂಗಡಿಯ ಅಳತೆಗಿಂತ ಬೇರೆಯದೆಂದೂ ತೋರಿಸುವುದು ಈ ಮಾತುಗಳ ಉದ್ದೇಶ.

ಮೊದಲು ಮನುಷ್ಯರ ಲೆಕ್ಕವನ್ನು ನೋಡೋಣ. ಕಣ್ಣಾಸ್ಪತ್ರೆಯ ಗೋಡೆಯ ಮೇಲಿರುವ ಅಕ್ಷರಗಳ ಫಲಕವನ್ನು ಹರ್ಮನ್ ಸ್ನೆಲೆನ್ ಎಂಬ ಡಚ್ ನೇತ್ರವೈದ್ಯರು 1862ರಲ್ಲಿ ರೂಪಿಸಿದರು. ಅದರ ಹಿಂದಿರುವುದು ಕೋನದ ಗಣಿತ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಸಿಗುವ ಒಂದು ಪಾಲು ಕೋನ ನಿಮಿಷ. ಪಂಚಾಂಗ ಬರೆಯುವವರು ಇದನ್ನೇ ಕಲೆ ಎನ್ನುತ್ತಾರೆ. ಹುಣ್ಣಿಮೆಯ ಚಂದ್ರನ ಬಿಂಬ ನಮ್ಮ ಕಣ್ಣಿಗೆ ಸುಮಾರು 30 ಕೋನ ನಿಮಿಷದಷ್ಟು ಅಗಲವಾಗಿ ಕಾಣುತ್ತದೆ. ಅಕ್ಷರದ ಗೆರೆಯ ದಪ್ಪ ಒಂದು ಕೋನ ನಿಮಿಷದಷ್ಟಿದ್ದಾಗಲೂ ಅದನ್ನು ಗುರುತಿಸಬಲ್ಲ ಕಣ್ಣಿಗೆ ನಾವು 6/6 ಎಂದು ಬರೆಯುತ್ತೇವೆ. ಗೆರೆ ಹತ್ತು ಕೋನ ನಿಮಿಷದಷ್ಟು ದಪ್ಪವಿದ್ದರೆ ಮಾತ್ರ ತಿಳಿಯುವ ಕಣ್ಣಿಗೆ 6/60. ಭಾಜಕ ದೊಡ್ಡದಾದಷ್ಟೂ ಕಣ್ಣು ಮಂದ.

ಈ ಫಲಕ ಕಣ್ಣನ್ನಷ್ಟೇ ಅಳೆಯುತ್ತದೆ ಎಂದು ನಾವು ನಂಬಿರುತ್ತೇವೆ, ಆದರೆ ಗಡಿನಾಡಿನವರಾದ ನಮಗೆ ಆ ನಂಬಿಕೆಯ ಬಿರುಕು ಬೇಗ ಕಾಣಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿ, ಮಲಯಾಳವನ್ನು ಚೆನ್ನಾಗಿ ಮಾತನಾಡಿದರೂ ಅದರ ಲಿಪಿ ಬಾರದ ಹಿರಿಯರೊಬ್ಬರ ಮುಂದೆ ಮಲಯಾಳ ಅಕ್ಷರಗಳ ಫಲಕವನ್ನು ಹಿಡಿದರೆ, ಅವರು ಎರಡನೆಯ ಸಾಲಿನಲ್ಲೇ ತಡವರಿಸಿಯಾರು. ತಡವರಿಸಿದ್ದು ಕಣ್ಣೋ ಅಕ್ಷರಜ್ಞಾನವೋ ಎಂಬುದು ಅಂಕಿಯಲ್ಲಿ ದಾಖಲಾಗುವುದಿಲ್ಲ. ಆಮೆಯ ವಿಷಯದಲ್ಲಿ ಈ ತೊಡಕು ಪ್ರತಿ ಹೆಜ್ಜೆಯಲ್ಲೂ ಇರುತ್ತದೆ: ಅಳೆಯುವ ಸಾಧನ ಕಣ್ಣಿನ ಜೊತೆಗೆ ಇನ್ನೇನನ್ನು ಅಳೆಯುತ್ತಿದೆ ಎಂಬುದನ್ನು ಗಮನಿಸುತ್ತಲೇ ಇರಬೇಕು.

ಅಕ್ಷರ ಬಾರದವರ ದೃಷ್ಟಿಯನ್ನು ಪರೀಕ್ಷಿಸುವ ಉಪಾಯ ಶಿಶುಗಳ ಕಣ್ಣಿನ ಅಧ್ಯಯನದಲ್ಲಿ ಚೆನ್ನಾಗಿ ಬೆಳೆದಿದೆ. ಅಮೆರಿಕದ ಡೇವಿಡಾ ಟೆಲರ್ ಅವರ ಹೆಸರಿನ ಪರೀಕ್ಷಾ ಕಾರ್ಡುಗಳನ್ನು ಮಕ್ಕಳ ನೇತ್ರ ವಿಭಾಗಗಳಲ್ಲಿ ನೀವು ನೋಡಿರಬಹುದು. ಕಾರ್ಡಿನ ಒಂದು ಬದಿಯಲ್ಲಿ ಕಪ್ಪು ಬಿಳಿ ಪಟ್ಟೆಗಳಿರುತ್ತವೆ, ಉಳಿದದ್ದೆಲ್ಲ ಅಷ್ಟೇ ಸರಾಸರಿ ಬೆಳಕನ್ನು ಹೊರಸೂಸುವ ಬೂದು ಬಣ್ಣ. ಮಗು ಬೋಳು ಬೂದಿಗಿಂತ ಪಟ್ಟೆಯ ಕಡೆಗೆ ಹೆಚ್ಚು ನೋಡುತ್ತದೆ. ಪಟ್ಟೆಗಳನ್ನು ಸಣ್ಣದು ಮಾಡುತ್ತ ಹೋದರೆ ಒಂದು ಹಂತದಲ್ಲಿ ಅವು ಒಂದರೊಳಗೊಂದು ಬೆರೆತು ಮಗುವಿನ ಕಣ್ಣಿಗೆ ಬೂದಿಯಾಗಿಯೇ ಕಾಣುತ್ತವೆ, ಎರಡು ಬದಿಗಳ ನಡುವೆ ಆಯ್ಕೆಗೆ ಕಾರಣವೇ ಉಳಿಯುವುದಿಲ್ಲ. ಆ ಹಂತವೇ ದೃಷ್ಟಿ ತೀಕ್ಷ್ಣತೆಯ ಮಿತಿ.

ಇದೇ ಪಟ್ಟೆ ಮತ್ತು ಬೂದು ಫಲಕಗಳನ್ನು ಅಮೆರಿಕದ ವರ್ಜೀನಿಯಾದಲ್ಲಿ ಸೊರಾಯಾ ಬಾರ್ಟೊಲ್ ಮತ್ತು ಸಂಗಡಿಗರು ಲಾಗರ್‌ಹೆಡ್ ಜಾತಿಯ ಎಳೆಯ ಕಡಲಾಮೆಗಳ ಮುಂದಿಟ್ಟರು. ಆಮೆಗೆ ಮಗುವಿನಂತೆ ಸುಮ್ಮನೆ ಪಟ್ಟೆಯನ್ನು ದಿಟ್ಟಿಸುವ ಅಭ್ಯಾಸ ಇಲ್ಲವಾದ್ದರಿಂದ ಅದಕ್ಕೆ ಮೊದಲು ಪಾಠ ಕಲಿಸಬೇಕಾಯಿತು: ಪಟ್ಟೆಯಿರುವ ಫಲಕವನ್ನು ಆರಿಸಿದರೆ ತಿನ್ನಲು ಸಿಗುತ್ತದೆ, ಬೂದು ಫಲಕವನ್ನು ಆರಿಸಿದರೆ ಇಲ್ಲ. ಪಾಠ ಗಟ್ಟಿಯಾದ ಮೇಲೆ ಪಟ್ಟೆಗಳನ್ನು ಕ್ರಮೇಣ ತೆಳ್ಳಗೆ ಮಾಡುತ್ತ, ಆಮೆಯ ಸರಿಯುತ್ತರಗಳು ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತವಾಗುವ ಕಡೆಗೆ ಯಾವಾಗ ಇಳಿಯುತ್ತವೆ ಎಂದು ನೋಡಿದರು. 2003ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಸಿಕ್ಕ ಮಿತಿ 12.89 ಕೋನ ನಿಮಿಷ. ಚಂದ್ರಬಿಂಬದ ಅಗಲದ ಅರ್ಧಕ್ಕೆ ಸ್ವಲ್ಪ ಕಡಿಮೆ. ಹತ್ತು ಮೀಟರ್ ದೂರದಲ್ಲಿಟ್ಟ ಪಟ್ಟೆ ಸುಮಾರು ನಾಲ್ಕು ಸೆಂಟಿಮೀಟರ್ ಅಗಲವಿದ್ದರೆ ಮಾತ್ರ ಆ ಆಮೆಗೆ ಅದು ಪಟ್ಟೆ. ನಮಗೆ ಅಷ್ಟೇ ದೂರದಲ್ಲಿ ಮೂರು ಮಿಲಿಮೀಟರ್ ಸಾಕು.

ಆಸ್ಪತ್ರೆಯ ಭಾಷೆಯಲ್ಲಿ ಬರೆದರೆ ಇದು ಸುಮಾರು 6/77. ನಮ್ಮ ದೇಶದ ಕುರುಡುತನ ನಿಯಂತ್ರಣ ಕಾರ್ಯಕ್ರಮದಲ್ಲಿ ಹಿಂದೆ 6/60ಕ್ಕಿಂತ ಕಡಿಮೆ ದೃಷ್ಟಿಯವರನ್ನು ಅಂಧರೆಂದು ಎಣಿಸುತ್ತಿದ್ದರು. 2017ರಲ್ಲಿ ಆ ಗಡಿಯನ್ನು 3/60ಕ್ಕೆ, ಅಂದರೆ 6/120ಕ್ಕೆ ಸಮನಾದ ಮಟ್ಟಕ್ಕೆ, ಬದಲಾಯಿಸಲಾಯಿತು. ಹಾಗಾಗಿ ಈ ಆಮೆ 2017ಕ್ಕೆ ಮೊದಲು ಬಂದಿದ್ದರೆ ಅಂಧರ ಪ್ರಮಾಣಪತ್ರ ಸಿಗುತ್ತಿತ್ತು, ಈಗ ಬಂದರೆ ಸಿಗುವುದಿಲ್ಲ! ಆದರೆ ಸಾಗರ ದಾಟಿ ಬಂದು ಆಹಾರ ಹುಡುಕಿ ಬದುಕುವ ಪ್ರಾಣಿಯನ್ನು ನಮ್ಮ ಓದುಬರಹದ ಅಗತ್ಯಕ್ಕೆಂದು ಮಾಡಿದ ಅಳತೆಗೋಲಿನಲ್ಲಿ ಅಂಧ ಎನ್ನುವುದು ಎಷ್ಟು ಅಸಂಗತ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಇದೇ ಗುಂಪಿನವರು ಒಂದು ವರ್ಷ ಮೊದಲು, 2002ರಲ್ಲಿ, ಇನ್ನೊಂದು ದಾರಿಯಿಂದ ಬಂದ ಅಂಕಿಗಳನ್ನು ಪ್ರಕಟಿಸಿದ್ದರು. ಅಲ್ಲಿ ಆಮೆಗೆ ಕಲಿಸುವ ಗೋಜಿಲ್ಲ. ತಲೆಯ ಚರ್ಮದಡಿಯಲ್ಲಿ ಸೂಕ್ಷ್ಮ ವಿದ್ಯುದಗ್ರಗಳನ್ನಿಟ್ಟು, ಕಣ್ಣೆದುರಿನ ಪಟ್ಟೆಗಳು ಸ್ಥಾನ ಬದಲಿಸಿದಾಗಲೆಲ್ಲ ಮಿದುಳಿನಲ್ಲಿ ಏಳುವ ಅತ್ಯಲ್ಪ ವಿದ್ಯುತ್ ಸಂಕೇತವನ್ನು ದಾಖಲಿಸುತ್ತಾರೆ. ಒಂದೊಂದು ಸಂಕೇತವೂ ಸ್ನಾಯುಗಳ ಮತ್ತು ಮಿದುಳಿನ ಇತರ ಸದ್ದಿನಲ್ಲಿ ಮುಳುಗಿಹೋಗುವಷ್ಟು ಸಣ್ಣದಾದ್ದರಿಂದ ಅನೇಕ ಸಂಕೇತಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯಬೇಕು. ಪಟ್ಟೆ ತೆಳ್ಳಗಾದಂತೆ ಸಂಕೇತವೂ ಕುಗ್ಗುತ್ತದೆ. ಕುಗ್ಗುವ ರೇಖೆಯನ್ನು ಮುಂದಕ್ಕೆ ಎಳೆದರೆ ಅದು ಎಲ್ಲಿ ಸೊನ್ನೆಯನ್ನು ಮುಟ್ಟುತ್ತದೋ ಅದು ಮಿತಿ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ವಿಇಪಿ ಎಂಬ ಹೆಸರಿನಲ್ಲಿ ಮಾಡುವ ಪರೀಕ್ಷೆಯೂ ಇದೇ. ಈ ವಿಧಾನದಲ್ಲಿ ಅದೇ ಜಾತಿಯ ಎಳೆಯ ಆಮೆಗಳಿಗೆ ಸಿಕ್ಕ ಮಿತಿ ಸುಮಾರು 5ರಿಂದ 8 ಕೋನ ನಿಮಿಷ, ಅಂದರೆ ಸುಮಾರು 6/28ರಿಂದ 6/46.

ಒಂದೇ ಜಾತಿ, ಒಂದೇ ಗುಂಪಿನ ಸಂಶೋಧಕರು, ಒಂದೇ ಬಗೆಯ ಪಟ್ಟೆಗಳು. ಹಾಗಿದ್ದೂ ಎರಡು ಉತ್ತರಗಳ ನಡುವೆ ಹತ್ತಿರಹತ್ತಿರ ಎರಡು ಪಟ್ಟು ವ್ಯತ್ಯಾಸ. ಇವುಗಳಲ್ಲಿ ಒಂದು ತಪ್ಪಾಗಿರಬೇಕು ಎಂದು ಕೆಲವರಿಗೆ ತಕ್ಷಣ ಅನ್ನಿಸುತ್ತದೆ. ನನಗೆ ಹಾಗೆನ್ನಿಸುವುದಿಲ್ಲ, ಏಕೆಂದರೆ ಮನುಷ್ಯ ಶಿಶುಗಳಲ್ಲಿಯೂ ಇದೇ ಬಗೆಯ ಅಂತರ ಇರುವುದು ಚೆನ್ನಾಗಿ ತಿಳಿದ ಸಂಗತಿ: ವಿದ್ಯುತ್ ಸಂಕೇತದಿಂದ ಅಳೆದ ತೀಕ್ಷ್ಣತೆ ಮಗುವಿನ ನೋಟದ ಆಯ್ಕೆಯಿಂದ ಅಳೆದದ್ದಕ್ಕಿಂತ ಹೆಚ್ಚಾಗಿಯೇ ಬರುತ್ತದೆ. ಸಂಕೇತ ಮಿದುಳಿಗೆ ತಲುಪಿತೇ ಎಂಬುದು ಒಂದು ಪ್ರಶ್ನೆ. ತಲುಪಿದ ಸಂಕೇತವನ್ನು ಆಧಾರವಾಗಿಟ್ಟುಕೊಂಡು ಪ್ರಾಣಿ ಒಂದು ನಿರ್ಧಾರಕ್ಕೆ ಬಂದು ಈಜಿತೇ ಎಂಬುದು ಇನ್ನೊಂದು. ಎರಡನೆಯದರಲ್ಲಿ ಹಸಿವು, ಗಮನ, ಕಲಿಕೆ, ಬೇಸರ ಎಲ್ಲವೂ ಸೇರಿಕೊಂಡಿವೆ. ಹೊಟ್ಟೆ ತುಂಬಿದ ಆಮೆ ತೆಳ್ಳಗಿನ ಪಟ್ಟೆಗಾಗಿ ಕಣ್ಣು ಕಿರಿದು ಮಾಡಿ ನೋಡುವ ಕಷ್ಟವನ್ನು ತೆಗೆದುಕೊಳ್ಳಬೇಕಾದ ಕಾರಣವಿಲ್ಲ. ಆದ್ದರಿಂದ ವಿದ್ಯುತ್ ಸಂಕೇತದ ಅಂಕಿಯನ್ನು ಕಣ್ಣಿನಿಂದ ಮಿದುಳಿನವರೆಗಿನ ದಾರಿಯ ಸಾಮರ್ಥ್ಯವೆಂದೂ, ಫಲಕದ ಆಯ್ಕೆಯಿಂದ ಬಂದ ಅಂಕಿಯನ್ನು ಆ ಸಾಮರ್ಥ್ಯದಲ್ಲಿ ಪ್ರಾಣಿ ಆ ಸಂದರ್ಭದಲ್ಲಿ ಬಳಸಿದ ಪಾಲೆಂದೂ ಓದುವುದು ಹೆಚ್ಚು ನ್ಯಾಯ. ಬಲೆಯಂಥ ನಿಜಜೀವನದ ತೊಂದರೆಯ ಬಗ್ಗೆ ಯೋಚಿಸುವವರು ಆಯ್ಕೆಯಿಂದ ಬಂದ ಅಂಕಿಯನ್ನೇ ಹಿಡಿದುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪಟ್ಟೆಯ ಪರೀಕ್ಷೆಗೂ ಮೊದಲಿನದು ಕಣ್ಣಿನ ಗಾಜುಗಾರಿಕೆಯ ಪ್ರಶ್ನೆ: ಬಿಂಬ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆಯಾದ ಅಕ್ಷಿಪಟಲದ ಮೇಲೆ ಸರಿಯಾಗಿ ಕೂರುತ್ತದೆಯೇ? ಕನ್ನಡಕದ ನಂಬರ್ ಕಂಡುಹಿಡಿಯುವಾಗ ಕತ್ತಲ ಕೋಣೆಯಲ್ಲಿ ನಾವು ಕಣ್ಣಿನೊಳಗೆ ಒಂದು ಬೆಳಕಿನ ಪಟ್ಟಿಯನ್ನು ಹಾಯಿಸಿ, ಪಾಪೆಯಲ್ಲಿ ಹೊಳೆಯುವ ಪ್ರತಿಫಲನ ಯಾವ ಕಡೆಗೆ ಸರಿಯುತ್ತದೆ ಎಂದು ನೋಡುತ್ತೇವೆ. ಇದು ರೆಟಿನೋಸ್ಕೋಪಿ. ಉತ್ತರ ಹೇಳುವ ಹೊರೆ ಕಣ್ಣಿನ ಒಡೆಯನ ಮೇಲಿಲ್ಲದ ಕಾರಣ ಪ್ರಾಣಿಗಳಿಗೂ ಇದನ್ನು ಮಾಡಬಹುದು. ಡೇವಿಡ್ ಎರೆನ್‌ಫೆಲ್ಡ್ ಮತ್ತು ಕಾಖ್ ಎಂಬ ಸಹೋದ್ಯೋಗಿ ಹಸಿರು ಕಡಲಾಮೆಗಳ ಕಣ್ಣನ್ನು ಹೀಗೆ ನೋಡಿ 1967ರಲ್ಲಿ ವರದಿ ಮಾಡಿದರು: ಸಮುದ್ರದ ನೀರಿನಲ್ಲಿ ಆ ಕಣ್ಣಿಗೆ ಕನ್ನಡಕವೇ ಬೇಡ, ಗಾಳಿಯಲ್ಲಿ ಅದಕ್ಕೆ ತೀವ್ರವಾದ ಸಮೀಪದೃಷ್ಟಿ.

ಕಾರಣ ಸರಳವಾಗಿದೆ. ಮನುಷ್ಯನ ಕಣ್ಣಿನ ಒಟ್ಟು ಬೆಳಕು ಬಾಗಿಸುವ ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಸುಮಾರು 43 ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ್ದೇ. ಗಾಳಿಯಿಂದ ಕಾರ್ನಿಯಾಕ್ಕೆ ಬರುವಾಗ ಬೆಳಕು ಚೆನ್ನಾಗಿ ಬಾಗುತ್ತದೆ. ನೀರಿಗೂ ಕಾರ್ನಿಯಾಕ್ಕೂ ವಕ್ರೀಭವನದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ್ದರಿಂದ ಹೊಳೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ನಮ್ಮ ಕಾರ್ನಿಯಾದ ಶಕ್ತಿ ಬಹುತೇಕ ಇಲ್ಲವಾಗಿ ಎಲ್ಲವೂ ಮಸುಕಾಗುತ್ತದೆ. ಕಡಲಾಮೆಯ ಕಣ್ಣು ಕಾರ್ನಿಯಾದ ಸಹಾಯವನ್ನೇ ನಿರೀಕ್ಷಿಸದೆ, ಗುಂಡಗಿನ ಬಲವಾದ ಮಸೂರವೊಂದರಿಂದಲೇ ಬಿಂಬವನ್ನು ಕೂರಿಸುವಂತೆ ರೂಪುಗೊಂಡಿದೆ. ಅದು ದಂಡೆಗೆ ಬಂದೊಡನೆ ಕಾರ್ನಿಯಾ ಬೇಡದಿದ್ದರೂ ಬೆಳಕನ್ನು ಬಾಗಿಸಲು ತೊಡಗುತ್ತದೆ. ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡಿಬಿಡುತ್ತದೆ. ಸಿಹಿನೀರಿನ ಆಮೆಗಳ ದಾರಿ ಬೇರೆ. ಅವುಗಳ ಬದುಕು ನೀರು ಮತ್ತು ನೆಲ ಎರಡರಲ್ಲೂ ಹಂಚಿಹೋಗಿರುವುದರಿಂದ, ಕಣ್ಣಿನ ಐರಿಸ್ ಸ್ನಾಯು ಮೃದುವಾದ ಮಸೂರವನ್ನು ಹಿಂಡಿ ಅದರ ಮುಂಭಾಗವನ್ನು ಉಬ್ಬಿಸಿ, ನೀರಿನಲ್ಲಿ ಕಳೆದುಹೋದ ಶಕ್ತಿಯನ್ನು ತುಂಬಿಕೊಡುತ್ತದೆ.

ರೆಟಿನೋಸ್ಕೋಪಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗ್ಲಿಕ್‌ಸ್ಟೀನ್ ಮತ್ತು ಮಿಲೊಡೊ 1970ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ತೋರಿಸಿದಂತೆ, ಆ ಪ್ರತಿಫಲನ ಬರುವುದು ಬೆಳಕನ್ನು ಗ್ರಹಿಸುವ ಕೋಶಗಳಿಂದಲ್ಲ, ಅವುಗಳಿಗಿಂತ ಮುಂದಿರುವ ಪದರದಿಂದ. ಅಕ್ಷಿಪಟಲದ ದಪ್ಪ ಆನೆಯಲ್ಲೂ ಇಲಿಯಲ್ಲೂ ಅಷ್ಟೇನೂ ಬೇರೆಯಲ್ಲ. ಆದ್ದರಿಂದ ಕಣ್ಣು ಚಿಕ್ಕದಾದಷ್ಟೂ ಈ ಅಂತರ ದೊಡ್ಡ ದೋಷವಾಗಿ ಬೆಳೆದು, ಸರಿಯಾದ ಕಣ್ಣನ್ನೂ ದೂರದೃಷ್ಟಿಯ ಕಣ್ಣೆಂದು ತೋರಿಸುತ್ತದೆ. ಬೆಳೆದ ಆಮೆಯ ಕಣ್ಣಿನಲ್ಲಿ ಇದು ಕ್ಷಮಿಸಬಹುದಾದ ದೋಷ. ಅಂಗೈಯಲ್ಲಿ ಹಿಡಿಯುವ ಮರಿಯ ಕಣ್ಣಿನಲ್ಲಿ ಅಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಮೊಟ್ಟೆಯಿಡುವ ಆಮೆ ನೋವಿನಿಂದ ಅಳುತ್ತದೆ ಎಂದು ಕಡಲದಂಡೆಯ ಊರುಗಳಲ್ಲಿ ಹೇಳುವುದುಂಟು. ಕಣ್ಣಿನ ಬಳಿಯ ಗ್ರಂಥಿಗಳು ದೇಹದ ಹೆಚ್ಚುವರಿ ಉಪ್ಪನ್ನು ಹೊರಹಾಕುತ್ತಿರುತ್ತವೆ, ಕಡಲಿನಲ್ಲಿರುವಾಗಲೂ. ಅಲ್ಲಿ ಅದು ನಮಗೆ ಕಾಣುವುದಿಲ್ಲ, ಅಷ್ಟೆ. ದೃಷ್ಟಿಯ ಮಟ್ಟಿಗೆ ಅದರ ಮಹತ್ತ್ವ ಬೇರೆ: ಗಾಳಿಯಲ್ಲಿ ಮೊದಲೇ ಮಸುಕಾದ ಕಣ್ಣಿನ ಮೇಲೆ ಅಂಟಂಟಾದ ದ್ರವ ಹಾಗೂ ಮರಳು ಕೂಡಿಕೊಂಡರೆ ದಂಡೆಯ ಆಮೆಗೆ ವಿವರಗಳು ಕಾಣುವ ಸಾಧ್ಯತೆ ಇನ್ನೂ ಕಡಿಮೆ.

ಹಾಗಾದರೆ ಅದು ಕಡಲಿನ ದಾರಿಯನ್ನು ಹೇಗೆ ಹಿಡಿಯುತ್ತದೆ? ಇದನ್ನು ಅಳೆದ ಬಗೆ ನನಗೆ ಈ ಇಡೀ ವಿಷಯದಲ್ಲಿಯೇ ಅತ್ಯಂತ ಪ್ರಿಯವಾದದ್ದು. ಕೋಸ್ಟರಿಕಾದ ಟಾರ್ಟುಗೇರೊ ದಂಡೆಯಲ್ಲಿ ಎರೆನ್‌ಫೆಲ್ಡ್ ಮತ್ತು ಕಡಲಾಮೆಗಳ ಅಧ್ಯಯನಕ್ಕೆ ದಾರಿ ಹಾಕಿಕೊಟ್ಟ ಆರ್ಚಿ ಕಾರ್, ಮೊಟ್ಟೆಯಿಟ್ಟು ಹಿಂದಿರುಗುವ ಹಸಿರು ಆಮೆಗಳಿಗೆ ಕನ್ನಡಕದಂಥ ಚೌಕಟ್ಟನ್ನು ತೊಡಿಸಿ, ಅದರಲ್ಲಿ ಬಣ್ಣದ ಸೋಸುಗಾಜುಗಳನ್ನು ಅಥವಾ ಕಣ್ಣು ಪೂರ್ತಿ ಮುಚ್ಚುವ ತೆರೆಯನ್ನು ಇಟ್ಟು ನೋಡಿದರು. ಎರಡೂ ಕಣ್ಣು ಮುಚ್ಚಿದ ಆಮೆ ಕಡಲನ್ನು ಸೇರಲಾರದೆ ಹೋಯಿತು. ವಾಸನೆ, ಅಲೆಯ ಸದ್ದು, ಮರಳಿನ ಇಳಿಜಾರು ಇವೆಲ್ಲ ಹಾಗೆಯೇ ಇದ್ದವು, ಆದರೆ ಅವು ಸಾಕಾಗಲಿಲ್ಲ. ಮರಿಗಳ ಒಂದು ಕಣ್ಣನ್ನು ಮಾತ್ರ ಮುಚ್ಚಿದ ಪ್ರಯೋಗಗಳಲ್ಲಿ ಅವು ತೆರೆದ ಕಣ್ಣಿನ ಕಡೆಗೆ ಸುತ್ತು ಹಾಕತೊಡಗಿದವು. ಇದರ ಅರ್ಥವಿಷ್ಟು: ಆಮೆ ಎರಡು ಕಣ್ಣುಗಳಿಗೆ ಬೀಳುವ ಬೆಳಕನ್ನು ತೂಗಿ ನೋಡಿ, ಎರಡೂ ಸಮವಾಗುವಂತೆ ತಿರುಗುತ್ತದೆ. ಇದಕ್ಕೆ ತೀಕ್ಷ್ಣತೆ ಬೇಕಿಲ್ಲ. ಯಾವ ದಿಕ್ಕಿನಲ್ಲಿ ಕ್ಷಿತಿಜದ ಬಳಿಯ ಬೆಳಕು ಹೆಚ್ಚು, ಯಾವ ದಿಕ್ಕಿನಲ್ಲಿ ಕಪ್ಪು ನೆರಳುಗಳು ಎತ್ತರವಾಗಿ ನಿಂತಿವೆ, ಇಷ್ಟು ತಿಳಿದರೆ ಸಾಕು; ಮಸುಕಾದ ಕಣ್ಣಿಗೂ ಇದು ತಿಳಿಯುತ್ತದೆ. ಮನುಷ್ಯ ವಸತಿಯಿಲ್ಲದ ದಂಡೆಯಲ್ಲಿ ರಾತ್ರಿಯ ಹೊತ್ತು ನೀರಿನ ಕಡೆಯ ತಗ್ಗಾದ ಆಕಾಶವೇ ಹೆಚ್ಚು ಬೆಳಕಿನದು, ತೆಂಗು ಮತ್ತು ಗಾಳಿಮರಗಳಿರುವ ನೆಲದ ಕಡೆ ಕಪ್ಪು.

ಅಕ್ಷಿಪಟಲದ ರಚನೆಯೂ ಇದನ್ನೇ ಹೇಳುತ್ತದೆ. ಮಿದುಳಿಗೆ ಸುದ್ದಿ ಒಯ್ಯುವ ನರಕೋಶಗಳು ಅಕ್ಷಿಪಟಲದ ಯಾವ ಭಾಗದಲ್ಲಿ ಎಷ್ಟು ದಟ್ಟವಾಗಿವೆ ಎಂದು ಸೂಕ್ಷ್ಮದರ್ಶಕದಡಿ ಎಣಿಸುವುದು ದೃಷ್ಟಿಯನ್ನು ಅಂದಾಜು ಮಾಡುವ ಇನ್ನೊಂದು ವಿಧಾನ. ಕೋಶಗಳ ನಡುವಿನ ಅಂತರ ಮತ್ತು ಕಣ್ಣಿನ ನಾಭಿದೂರ ತಿಳಿದರೆ ಆ ಕಣ್ಣು ಇದಕ್ಕಿಂತ ಚೆನ್ನಾಗಿ ಕಾಣಲಾರದು ಎಂಬ ಮೇಲಿನ ಮಿತಿ ಸಿಗುತ್ತದೆ. ಕಡಲಾಮೆಯ ಮರಿಗಳಲ್ಲಿ ಈ ಕೋಶಗಳು ನಮ್ಮಲ್ಲಿಯಂತೆ ಒಂದು ಚುಕ್ಕೆಯಲ್ಲಿ ಒಟ್ಟಾಗಿರದೆ ಅಡ್ಡಲಾಗಿ ಹರಡಿದ ಪಟ್ಟಿಯೊಂದರಲ್ಲಿ ದಟ್ಟವಾಗಿವೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕ್ಷಿತಿಜವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಲೆ ತಿರುಗಿಸದೆ ಗಮನಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು.

ಬಣ್ಣದ ಪ್ರಶ್ನೆಗೆ ಬರೋಣ. ಇಲ್ಲಿ ಅಳತೆಗೆ ಎದುರಾಗುವ ಮುಖ್ಯ ತೊಡಕು ಪ್ರಕಾಶ. ಆಮೆ ನೀಲಿಯನ್ನು ಹಳದಿಯಿಂದ ಬೇರ್ಪಡಿಸಿತು ಎಂದರೆ ಬಣ್ಣದಿಂದಲೋ, ಒಂದು ಇನ್ನೊಂದಕ್ಕಿಂತ ಹೆಚ್ಚು ಬೆಳಗುತ್ತಿದ್ದುದರಿಂದಲೋ? ಬಣ್ಣಗುರುಡನೂ ಎರಡನೆಯದನ್ನು ಮಾಡಬಲ್ಲ. ಇದನ್ನು ದಾಟಲು ದೀಪಗಳ ಪ್ರಕಾಶವನ್ನು ಪ್ರತಿ ಬಾರಿ ಏರುಪೇರು ಮಾಡಿ, ಪ್ರಕಾಶದಿಂದ ಯಾವ ಸುಳಿವೂ ಸಿಗದಂತೆ ನೋಡಿಕೊಳ್ಳಬೇಕು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಳೆಯ ಲಾಗರ್‌ಹೆಡ್ ಆಮೆಗಳು ಈ ಪರೀಕ್ಷೆಯನ್ನು ದಾಟಿದವು. ನೀಲಿ, ಹಸಿರು, ಹಳದಿ ಬೆಳಕುಗಳನ್ನು ಅವು ಬಣ್ಣದಿಂದಲೇ ಗುರುತಿಸಿದವು. ಕೆಂಪು ಕಿವಿಯ ಸ್ಲೈಡರ್ ಎಂಬ ಸಿಹಿನೀರಿನ ಆಮೆ, ಸಾಕುವ ಗಾಜಿನ ತೊಟ್ಟಿಗಳಲ್ಲಿ ನೀವು ನೋಡಿರುವಂಥದ್ದು, ಇನ್ನೂ ಮುಂದಿದೆ: ನಮಗೆ ಕಾಣದ ಅತಿನೇರಳೆಯೂ ಸೇರಿ ಅದರ ಬಣ್ಣದೃಷ್ಟಿ ನಾಲ್ಕು ಬಗೆಯ ಶಂಕುಕೋಶಗಳನ್ನು (ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಕೋಶಗಳು) ಆಧರಿಸಿದೆ, ನಮ್ಮದು ಮೂರನ್ನು.

ಶಂಕುಕೋಶಗಳ ಒಳಗಿನ ವರ್ಣದ್ರವ್ಯ ಯಾವ ಬೆಳಕನ್ನು ಹೆಚ್ಚು ಹೀರುತ್ತದೆ ಎಂಬುದನ್ನು ಕೋಶವೊಂದರ ಮೂಲಕ ಸೂಕ್ಷ್ಮ ಬೆಳಕಿನ ಕಿರಣ ಹಾಯಿಸಿ ಅಳೆಯುತ್ತಾರೆ. ಲೀಬ್‌ಮನ್ ಮತ್ತು ಗ್ರಾಂಡಾ 1971ರಲ್ಲಿ ಹೀಗೆ ಅಳೆದಾಗ ಹಸಿರು ಕಡಲಾಮೆಯಲ್ಲಿ 440, 502 ಮತ್ತು 562 ನ್ಯಾನೋಮೀಟರ್‌ಗಳೂ, ಸ್ಲೈಡರ್ ಆಮೆಯಲ್ಲಿ, ಅತಿನೇರಳೆಯ ಬಗೆಯನ್ನು ಬಿಟ್ಟು, 450, 518 ಮತ್ತು 620 ನ್ಯಾನೋಮೀಟರ್‌ಗಳೂ ಬಂದವು. ಸಿಹಿನೀರಿನ ಆಮೆಯ ಅಂಕಿಗಳು ಕೆಂಪಿನ ಕಡೆಗೆ ಸರಿದಿರುವುದನ್ನು ಗಮನಿಸಿ. ಅದರ ವರ್ಣದ್ರವ್ಯ ಎ2 ಜೀವಸತ್ವದಿಂದ, ಕಡಲಾಮೆಯದು ಎ1ರಿಂದ ಆಗಿರುವುದು ಇದಕ್ಕೆ ಕಾರಣ. ಆಟಿ ತಿಂಗಳಲ್ಲಿ ಕೆಂಪು ಮಣ್ಣನ್ನು ಹೊತ್ತು ಹರಿಯುವ ಚಂದ್ರಗಿರಿಯನ್ನೂ, ಬೇಸಗೆಯಲ್ಲಿ ತೀರದಿಂದ ದೂರದ ತಿಳಿ ಕಡಲನ್ನೂ ನೋಡಿದವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಿಲ್ಲ. ಹೊಳೆ ಕೆರೆಗಳ ನೀರಿನಲ್ಲಿ ಕರಗಿದ ಎಲೆಗೊಳೆ ಮತ್ತು ಮಣ್ಣು ನೀಲಿಯನ್ನು ನುಂಗಿ ಕೆಂಪು ಕಂದನ್ನು ಉಳಿಸುತ್ತವೆ. ಕಡಲಿನ ತಿಳಿನೀರು ಕೆಂಪನ್ನು ಮೊದಲು ನುಂಗಿ ನೀಲಿಯನ್ನು ಆಳಕ್ಕೆ ಬಿಡುತ್ತದೆ.

ಅಷ್ಟಾದರೂ ಕೋಶದ ಅಂಕಿ ಕಣ್ಣಿನ ಅಂಕಿಯಲ್ಲ. ಜೀವಂತ ಹಸಿರು ಆಮೆ ಮತ್ತು ಲಾಗರ್‌ಹೆಡ್ ಆಮೆಗಳ ಕಣ್ಣಿನಿಂದ ಹೊರಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಹಗಲು ಬೆಳಕಿನ ಮಟ್ಟದಲ್ಲಿ ಅಳೆದ 2004ರ ಅಧ್ಯಯನದಲ್ಲಿ ಗರಿಷ್ಠ ಸಂವೇದನೆ 580 ನ್ಯಾನೋಮೀಟರ್ ಹತ್ತಿರ ಬಂತು, 562ರಲ್ಲಿ ಅಲ್ಲ. ಆಮೆಗಳ ಶಂಕುಕೋಶಗಳಲ್ಲಿ, ಹಕ್ಕಿಗಳಲ್ಲಿ ಇರುವಂತೆಯೇ, ಹಳದಿ ಕಿತ್ತಳೆ ಬಣ್ಣಗಳ ಎಣ್ಣೆಯ ಪುಟ್ಟ ಹನಿಗಳಿವೆ. ಬೆಳಕು ವರ್ಣದ್ರವ್ಯವನ್ನು ಸೇರುವ ಮೊದಲು ಈ ಹನಿಗಳನ್ನು ಹಾಯಬೇಕು. ಅವು ಕಿರಿಯ ತರಂಗಗಳನ್ನು ತಡೆಯುವುದರಿಂದ ಸಂವೇದನೆಯ ಶಿಖರ ಹಿರಿಯ ತರಂಗದ ಕಡೆಗೆ ಜರುಗುತ್ತದೆ.

ಈಗ ದಂಡೆಯ ದೀಪದ ಮಾತು. ಹಳದಿ ದೀಪ ಹಾಕಿದರೆ ಮರಿಗಳಿಗೆ ತೊಂದರೆಯಿಲ್ಲ ಎಂಬ ಮಾತು ಹರಿದಾಡುತ್ತದೆ. ಇದರ ಮೂಲ ವಿದರಿಂಗ್ಟನ್ ಮತ್ತು ಬ್ಯೋರ್ನ್‌ಡಾಲ್ 1991ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿದೆ. ನೇರಳೆಯಿಂದ ಹಸಿರಿನವರೆಗಿನ ಬೆಳಕು ಕಡಲಾಮೆಯ ಮರಿಗಳನ್ನು ಸೆಳೆಯಿತು. ಹಳದಿ ಬೆಳಕಿನಿಂದ ಲಾಗರ್‌ಹೆಡ್ ಮರಿಗಳು ಮುಖ ತಿರುಗಿಸಿದವು. ಆದರೆ ಈ ಹಳದಿ ದ್ವೇಷ ಲಾಗರ್‌ಹೆಡ್ ಜಾತಿಯ ವಿಶೇಷ. ನಮ್ಮ ದಂಡೆಗೆ ಬರುವ ಆಲಿವ್ ರಿಡ್ಲಿಯ ಬಗ್ಗೆ ಅದನ್ನು ಹಾಗೆಯೇ ನಂಬಿಕೊಂಡು ಹಳದಿ ಬಲ್ಬುಗಳನ್ನು ಧಾರಾಳವಾಗಿ ಉರಿಸುವಂತಿಲ್ಲ. ದೀಪದ ಬಣ್ಣಕ್ಕಿಂತ ಮೊದಲು ಅದರ ಎತ್ತರವನ್ನೂ ಮರೆಯನ್ನೂ ಯೋಚಿಸಬೇಕು ಎಂಬುದು, ಮರಿಗಳು ಕ್ಷಿತಿಜಕ್ಕೆ ಸಮೀಪದ ಬೆಳಕಿಗೆ ಕೊಡುವ ಮಹತ್ತ್ವವನ್ನು ನೋಡಿದರೆ, ನನಗೆ ತೋರುವ ಮಾತು. ಮನೆಯಂಗಳದ ದೀಪಕ್ಕೆ ಕಡಲಿನ ಕಡೆಯಿಂದ ಒಂದು ತಗಡಿನ ಮರೆ ಕಟ್ಟಲು ಹೆಚ್ಚು ಖರ್ಚಾಗುವುದಿಲ್ಲ. ಒಡಿಶಾದ ರುಶಿಕುಲ್ಯದಲ್ಲಿ ಆಲಿವ್ ರಿಡ್ಲಿ ಮರಿಗಳ ಮೇಲೆ ಕೃತಕ ಬೆಳಕಿನ ಪರಿಣಾಮವನ್ನು ನಮ್ಮ ದೇಶದ ಸಂಶೋಧಕರೇ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ್ದಾರೆ. ಜಾತಿಯೂ ಅದೇ ಆದ್ದರಿಂದ ಲಾಗರ್‌ಹೆಡ್ ಮರಿಗಳ ಪ್ರಯೋಗಗಳಿಗಿಂತ ಅದು ನಮಗೆ ಹತ್ತಿರದ್ದು.

ಬಲೆಯ ವಿಷಯದಲ್ಲಿ ತೀಕ್ಷ್ಣತೆಯ ಅಂಕಿ ನೇರವಾಗಿ ಬಳಕೆಗೆ ಬರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ನೈಲಾನ್ ಎಳೆ 13 ಕೋನ ನಿಮಿಷದಷ್ಟು ದೊಡ್ಡದಾಗಿ ಕಾಣಬೇಕಾದರೆ ಕಣ್ಣು ಅದರಿಂದ ಸುಮಾರು 13 ಸೆಂಟಿಮೀಟರ್ ದೂರದಲ್ಲಿರಬೇಕು. 5 ಕೋನ ನಿಮಿಷವೆಂದು ಉದಾರವಾಗಿ ಲೆಕ್ಕ ಹಾಕಿದರೂ ಸುಮಾರು 35 ಸೆಂಟಿಮೀಟರ್. ಒಂಟಿ ಗೆರೆಯನ್ನು ಕಾಣುವುದು ಪಟ್ಟೆಗಳನ್ನು ಬೇರ್ಪಡಿಸುವುದಕ್ಕಿಂತ ಸುಲಭ, ಆಕಾಶದ ಹಿನ್ನೆಲೆಯಲ್ಲಿ ದೂರದ ವಿದ್ಯುತ್ ತಂತಿ ನಮಗೆ ಕಾಣುವುದು ಅದರಿಂದಲೇ. ಆದರೆ ಅದಕ್ಕೆ ಹಿನ್ನೆಲೆಯೊಂದಿಗೆ ಗಾಢ ವ್ಯತ್ಯಾಸ ಬೇಕು, ರಾತ್ರಿಯ ಕಡಲಿನಲ್ಲಿ ಅರೆಪಾರದರ್ಶಕ ನೈಲಾನಿಗೆ ಅದು ಇರುವುದಿಲ್ಲ. ಮುಖಕ್ಕೆ ತಗಲುವವರೆಗೆ ಬಲೆ ಆಮೆಗೆ ಇಲ್ಲದಂತೆಯೇ.

ಬಲೆಯನ್ನೇ ಕಾಣುವಂತೆ ಮಾಡಿದರೆ? ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಗಿಲ್‌ನೆಟ್ ಬಲೆಗಳಿಗೆ ಎಲ್‌ಇಡಿ ದೀಪಗಳನ್ನು ಕಟ್ಟಿದಾಗ ಸಿಕ್ಕಿಬೀಳುವ ಹಸಿರು ಆಮೆಗಳು 40 ಶೇಕಡಾ ಕಡಿಮೆಯಾದವೆಂದು 2010ರಲ್ಲಿ ವರದಿಯಾಯಿತು. ಪೆರುವಿನ ಸೆಚುರಾ ಕೊಲ್ಲಿಯಲ್ಲಿ ಹಸಿರು ಎಲ್‌ಇಡಿ ಕಟ್ಟಿದ ಬಲೆಗಳಲ್ಲಿ ಇಳಿಕೆ 63.9 ಶೇಕಡಾ, ಮೀನುಗಾರರು ಬಯಸಿದ ಮೀನಿನ ಪಾಲು ಕಡಿಮೆಯಾಗಲಿಲ್ಲ, ಇದು 2016ರ ವರದಿ. ಮೀನಿಗೆ ಕಾಣದೆ ಆಮೆಗೆ ಮಾತ್ರ ಕಾಣುವ ಬೆಳಕೊಂದಿದ್ದರೆ ಇನ್ನೂ ಒಳ್ಳೆಯದೆಂಬ ಆಲೋಚನೆಯಿಂದ ಅತಿನೇರಳೆ ದೀಪಗಳನ್ನೂ ಪರೀಕ್ಷಿಸಿ, ಸುಮಾರು 40 ಶೇಕಡಾ ಇಳಿಕೆಯನ್ನು ಕಂಡಿದ್ದಾರೆ. ಈ ದೀಪಗಳು ಹುಟ್ಟಿದ್ದು ಮೇಲೆ ಹೇಳಿದ ವರ್ಣದ್ರವ್ಯ, ಎಣ್ಣೆಹನಿಗಳ ಅಳತೆಗಳಿಂದ. ಪ್ರಯೋಗಶಾಲೆಯ ಅಂಕಿಗಳು ಮೀನುಗಾರನ ದೋಣಿಯವರೆಗೆ ಬಂದು ತಲುಪಿದ ಉದಾಹರಣೆಯೆಂದು ಇದನ್ನು ಗಮನಿಸಬೇಕು. ದೀಪದ ಖರ್ಚನ್ನು ಮೀನುಗಾರನ ತಲೆಗೇ ಕಟ್ಟಿದರೆ ಅದು ಇಲ್ಲಿ ನಡೆಯುವ ಮಾತಲ್ಲ ಎಂಬುದನ್ನೂ ಹೇಳಬೇಕು.

ಉಪನ್ಯಾಸದ ಬಳಿಕ ಕಾಲೇಜಿನ ವಿದ್ಯಾರ್ಥಿನಿಯೊಬ್ಬರು, ನಮ್ಮ ದಂಡೆಯಲ್ಲಿಯೇ ಇಂಥ ಅಳತೆ ಮಾಡಬಹುದೇ ಎಂದು ಕೇಳಿದರು. ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿವೆ. ಅನುಮತಿಯಿಲ್ಲದೆ ಅವುಗಳನ್ನು ಹಿಡಿಯುವುದಾಗಲಿ, ಕಣ್ಣಿಗೆ ಬೆಳಕು ಬಿಡುವುದಾಗಲಿ ಅಪರಾಧ. ಮರಿಗಳನ್ನು ಮುಟ್ಟದೆ ಅಳೆಯುವ ವಿಧಾನವೊಂದಿದೆ. ಯಾರ ಕಣ್ಣಿಗೂ ಬೀಳದೆ ಉಳಿದ ಗೂಡಿನಿಂದ ರಾತ್ರಿ ಹೊರಬಂದ ಮರಿಗಳ ಹೆಜ್ಜೆಗೆರೆಗಳು ಬೆಳಗ್ಗೆ ಮರಳಿನ ಮೇಲೆ ಬೀಸಣಿಗೆಯಂತೆ ಹರಡಿರುತ್ತವೆ. ಗೂಡನ್ನು ಕೇಂದ್ರವಾಗಿಟ್ಟುಕೊಂಡು ಹಗ್ಗದಿಂದ ಒಂದು ವೃತ್ತ ಎಳೆದು, ಪ್ರತಿಯೊಂದು ಗೆರೆ ವೃತ್ತವನ್ನು ದಾಟುವ ದಿಕ್ಕನ್ನು ದಿಕ್ಸೂಚಿಯಿಂದ ಓದಿ ಬರೆದುಕೊಳ್ಳಬೇಕು. ನೀರಿಗೆ ನೇರವಾದ ದಿಕ್ಕಿನಿಂದ ಅವುಗಳ ಸರಾಸರಿ ಎಷ್ಟು ಸರಿದಿದೆ, ಬೀಸಣಿಗೆ ಎಷ್ಟು ಡಿಗ್ರಿ ಅಗಲವಾಗಿದೆ ಎಂಬ ಎರಡು ಅಂಕಿಗಳು ಸಿಗುತ್ತವೆ. ಕತ್ತಲ ದಂಡೆಯಲ್ಲಿ ಬೀಸಣಿಗೆ ಕಿರಿದು. ದೀಪಗಳಿರುವಲ್ಲಿ ಅದು ಅಗಲವಾಗಿ ದೀಪದ ಕಡೆಗೆ ವಾಲಿರುತ್ತದೆ. ಚಂದ್ರನ ತಿಥಿಯನ್ನು, ಆ ರಾತ್ರಿ ಯಾವ ದೀಪಗಳು ಉರಿಯುತ್ತಿದ್ದವು ಎಂಬುದನ್ನು ಜೊತೆಯಲ್ಲೇ ಬರೆದಿಡಬೇಕು. ಗಾಳಿ ಏಳುವುದಕ್ಕೂ ದಂಡೆಯಲ್ಲಿ ನಡೆದಾಡುವವರು ಬರುವುದಕ್ಕೂ ಮೊದಲೇ ಹೋಗಬೇಕು ಎಂದು ಆಕೆಗೆ ಹೇಳಿದೆ.